ಆಲ್ಟರ್ನೇಟರ್ ಕೆಟ್ಟರೂ ಹಾರಾಟ ಕೆಡಬಾರದು

ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲಿ ಪುಟ್ಟ ವಿಮಾನ ಕಟ್ಟಿ ಅದರಲ್ಲೇ ಹಾರುವವರು ಸಾವಿರಾರು ಮಂದಿ ಇದ್ದಾರೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿದ್ದರೆ ಅಲ್ಲಿನ ಕಾನೂನು ಆ ವಿಮಾನವನ್ನು ‘ಎಕ್ಸ್‌ಪೆರಿಮೆಂಟಲ್’ ವರ್ಗದಲ್ಲಿ ನೋಂದಾಯಿಸುತ್ತದೆ. ರೆಕ್ಕೆಗೆ ಎಲ್ಲಿ ರಿವೆಟ್ ಹೊಡೆಯಬೇಕು ಎಂಬುದನ್ನು ಕಿಟ್ ಕಂಪನಿಯ ನಕ್ಷೆ ಇಂಚಿಂಚಾಗಿ ಹೇಳಿಕೊಡುತ್ತದೆ. ವೈರಿಂಗ್ ಬಂದಾಗ ಮಾತ್ರ ಆ ನಕ್ಷೆಗಳು ಬಹುಪಾಲು ಕೈಬಿಡುತ್ತವೆ. ಯಾವ ರೇಡಿಯೋ, ಎಷ್ಟು ಪರದೆ, ಎಂಥ ಬ್ಯಾಟರಿ ಎಂಬುದೆಲ್ಲ ಕಟ್ಟುವವನ ಇಷ್ಟ. ಹಾಗಾಗಿ ತಂತಿಯ ಜಾಲವೂ ಅವನದೇ ಹೊಣೆ.

ಆ ಹೊಣೆ ಹೊತ್ತವರಲ್ಲಿ ಬಹಳಷ್ಟು ಜನ ತೆರೆದು ನೋಡುವ ಪುಸ್ತಕ ‘ಏರೋಎಲೆಕ್ಟ್ರಿಕ್ ಕನೆಕ್ಷನ್’. ಬರೆದವರು ಬಾಬ್ ನಕಲ್ಸ್. ಸೆಸ್ನಾ, ಬೀಚ್ ಕಂಪನಿಗಳು ಬೆಳೆದ ಕ್ಯಾನ್ಸಸ್ ರಾಜ್ಯದ ವಿಚಿಟಾ ಸೀಮೆಯಲ್ಲೇ ವಿಮಾನಗಳ ವಿದ್ಯುತ್ ವ್ಯವಸ್ಥೆಯ ಕೆಲಸ ಮಾಡಿದ ಎಂಜಿನಿಯರ್. 1980ರ ದಶಕದ ಕೊನೆಯಿಂದ ಪರಿಷ್ಕರಣೆಯ ಮೇಲೆ ಪರಿಷ್ಕರಣೆ ಕಂಡ ಈ ಗ್ರಂಥ ಬ್ಯಾಟರಿ, ಆಲ್ಟರ್ನೇಟರ್, ಸ್ವಿಚ್, ತಂತಿ, ಆಂಟೆನಾಗಳನ್ನು ಅಧ್ಯಾಯಕ್ಕೊಂದರಂತೆ ವಿವರಿಸುತ್ತ ಹೋಗುತ್ತದೆ. ಕೊನೆಯಲ್ಲಿ ಜೆಡ್ ಅಕ್ಷರದಿಂದ ಗುರುತಿಸಿದ ನಕ್ಷೆಗಳ ಒಂದು ಅನುಬಂಧವಿದೆ. ಪುಸ್ತಕದ ಕೀರ್ತಿಗೂ ಅದರ ದುರ್ಬಳಕೆಗೂ ಆ ಅನುಬಂಧವೇ ಕಾರಣ.

ನಕಲ್ಸ್ ಹಿಡಿದ ದಾರಿ ದೊಡ್ಡದು. ಯಾವ ಭಾಗವಾದರೂ ಒಂದು ದಿನ ಕೆಡುತ್ತದೆ ಎಂದು ಅವರು ಮೊದಲೇ ಒಪ್ಪಿಕೊಂಡು ಹೊರಡುತ್ತಾರೆ. ಕೆಟ್ಟ ಕ್ಷಣದಲ್ಲಿ ಪೈಲಟ್‌ಗೆ ಅದು ಹೇಗೆ ಗೊತ್ತಾಗುತ್ತದೆ, ಆಮೇಲೆ ಅವನ ಕೈಯಲ್ಲಿ ಏನು ಉಳಿದಿರುತ್ತದೆ ಎಂದು ಪ್ರತಿ ತಂತಿಯನ್ನೂ ಕೇಳುತ್ತಾರೆ. ಹಳೆಯ ಚಿಕ್ಕ ವಿಮಾನಗಳಲ್ಲಿ ಎಂಜಿನ್ ತಿರುಗಿಸುವ ವಿದ್ಯುತ್ ಉತ್ಪಾದಕ, ಅಂದರೆ ಆಲ್ಟರ್ನೇಟರ್, ನಿಂತದ್ದು ತಿಳಿಯುತ್ತಿದ್ದದ್ದು ಎಷ್ಟೋ ಸಲ ರೇಡಿಯೋ ಕ್ಷೀಣಿಸಿದ ಮೇಲೆ. ಅದಕ್ಕೆ ಅವರು ಸೂಚಿಸುವ ಪರಿಹಾರ ಒಂದು ದೀಪ. ಆಲ್ಟರ್ನೇಟರ್ ತಿರುಗುತ್ತಿದ್ದಾಗ ವೋಲ್ಟೇಜ್ 14ರ ಆಸುಪಾಸು. ಬ್ಯಾಟರಿ ಒಂದೇ ಭಾರ ಹೊತ್ತಾಗ 13ಕ್ಕಿಂತ ಕೆಳಗೆ. ಆದ್ದರಿಂದ 13 ವೋಲ್ಟ್‌ಗೆ ಇಳಿದೊಡನೆ ಮಿಣುಕುವ ದೀಪ, ಬ್ಯಾಟರಿ ಇನ್ನೂ ತುಂಬಿರುವಾಗಲೇ ಎಚ್ಚರಿಸುತ್ತದೆ. ಇಷ್ಟು ಅಗ್ಗದ, ಇಷ್ಟು ಉಪಯುಕ್ತ ಸಲಹೆ ವಿಮಾನ ಸಾಹಿತ್ಯದಲ್ಲಿ ಅಪರೂಪ.

ದೀಪ ಹತ್ತಿದ ಮೇಲೆ? ‘ಎಂಡ್ಯೂರೆನ್ಸ್ ಬಸ್’ ಎಂಬ ಅವರ ಕೊಡುಗೆಗೆ ಇಲ್ಲಿ ಕೆಲಸ. ಸುರಕ್ಷಿತವಾಗಿ ಊರು ಸೇರಲು ಬೇಕಾದಷ್ಟೇ ಉಪಕರಣಗಳನ್ನು, ಅಂದರೆ ಒಂದು ರೇಡಿಯೋ, ದಿಕ್ಕು ತೋರುವ ಸಾಧನ, ಅತ್ಯಗತ್ಯ ಮಾಪಕ, ಸಣ್ಣದೊಂದು ದೀಪ, ಪ್ರತ್ಯೇಕ ಬಸ್‌ಬಾರ್‌ಗೆ (ಕರೆಂಟು ಹಂಚುವ ಲೋಹದ ಪಟ್ಟಿಗೆ) ಕಟ್ಟುತ್ತಾರೆ. ಮಾಮೂಲಿ ದಿನ ಅದಕ್ಕೆ ಮುಖ್ಯ ಬಸ್‌ಬಾರ್‌ನಿಂದ ಡಯೋಡ್ ಮೂಲಕ ಕರೆಂಟು ಬರುತ್ತದೆ. ಆಪತ್ತಿನಲ್ಲಿ ಪೈಲಟ್ ಇನ್ನೊಂದು ಸ್ವಿಚ್ ಒತ್ತಿ ಬ್ಯಾಟರಿಯಿಂದ ನೇರ ದಾರಿ ತೆರೆದು, ಮಾಸ್ಟರ್ ಸ್ವಿಚ್ ಆರಿಸುತ್ತಾನೆ. ಡಯೋಡ್ ಕರೆಂಟನ್ನು ಹಿಂದಕ್ಕೆ ಬಿಡದ್ದರಿಂದ ಮುಖ್ಯ ಬಸ್‌ಬಾರ್‌ನ ಹೊಟ್ಟೆಬಾಕ ಉಪಕರಣಗಳಿಗೆ ಹನಿಯೂ ಸಿಗುವುದಿಲ್ಲ. ಮಾಸ್ಟರ್ ಸ್ವಿಚ್ ನಡೆಸುವ ಬ್ಯಾಟರಿ ಕಂಟ್ಯಾಕ್ಟರಿನ (ದೊಡ್ಡ ರಿಲೇಯ) ಸುರುಳಿ ತಾನೇ ತಿನ್ನುವ ಸುಮಾರು 1 ಆಂಪಿಯರ್ ಕೂಡ ಉಳಿಯುತ್ತದೆ. ಇಡೀ ಹೊರೆ 3–4 ಆಂಪಿಯರ್‌ಗೆ ಇಳಿದಾಗ ಆ 1 ಆಂಪಿಯರ್ ಸಣ್ಣ ಮೊತ್ತವಲ್ಲ. ಅವರ ಗುರಿಯೂ ಸ್ಪಷ್ಟ: ಟ್ಯಾಂಕಿನಲ್ಲಿ ಇಂಧನವಿರುವಷ್ಟು ಹೊತ್ತು ಬ್ಯಾಟರಿಯೂ ಬಾಳಬೇಕು. 17 ಆಂಪಿಯರ್-ಅವರ್ ಎಂದು ಮೈಮೇಲೆ ಬರೆದ ಬ್ಯಾಟರಿ ಹಳತಾದಂತೆ ಅಷ್ಟು ಕೊಡದು. ಅದಕ್ಕೇ ಅದನ್ನು ಕಾಲಕಾಲಕ್ಕೆ ಅಳೆಯಿರಿ, ಸಾಯುವ ತನಕ ಕಾಯಬೇಡಿ ಎನ್ನುತ್ತಾರೆ. ಈ ಭಾಗಕ್ಕಾಗಿಯೇ ಪುಸ್ತಕ ಕೊಂಡರೂ ನಷ್ಟವಿಲ್ಲ.

ದೋಷ ಹುಡುಕುವ ಕಲೆಯಲ್ಲೂ ಅವರದು ತರ್ಕದ ಹಾದಿ. ಆಲ್ಟರ್ನೇಟರ್ ಕರೆಂಟು ಕೊಡುತ್ತಿಲ್ಲವೆಂದರೆ ಒಂದೊಂದೇ ಭಾಗ ಬದಲಿಸುತ್ತ ದುಡ್ಡು ಸುರಿಯಬೇಕಿಲ್ಲ. ಅದರ ಕಾಂತ ಸುರುಳಿಗೆ ಹೋಗುವ ಫೀಲ್ಡ್ ತಂತಿಯ ವೋಲ್ಟೇಜ್ ಅಳೆದರೆ ಸಾಕು. ಅಲ್ಲಿ ಸೊನ್ನೆಯಿದ್ದರೆ ತಪ್ಪು ಸ್ವಿಚ್ಚು, ಬ್ರೇಕರ್, ರೆಗ್ಯುಲೇಟರ್‌ಗಳ ಸಾಲಿನಲ್ಲಿದೆ. ವೋಲ್ಟೇಜ್ ಪೂರ್ತಿ ಇದ್ದೂ ಉತ್ಪತ್ತಿ ಇಲ್ಲವಾದರೆ ಆಲ್ಟರ್ನೇಟರನ್ನೇ ಬಿಚ್ಚಬೇಕು: ಬ್ರಷ್ ಸವೆದಿರಬಹುದು, ಬೆಲ್ಟ್ ಜಾರಿರಬಹುದು. ಲ್ಯಾಂಡಿಂಗ್ ದೀಪ ಹಾಕಿದಾಗ ಇಂಧನದ ಮುಳ್ಳು ಅಲುಗಿದರೆ ಮಾಪಕವನ್ನು ಬೈಯುವ ಮೊದಲು ಅರ್ತ್ ತಂತಿ ನೋಡಬೇಕು. ದೀಪದ ಭಾರೀ ಕರೆಂಟು ಹಿಂತಿರುಗುವ ದಾರಿಯನ್ನೇ ಮಾಪಕವೂ ಹಂಚಿಕೊಂಡಿರುತ್ತದೆ. ಆ ದಾರಿಯಲ್ಲಿ ಬೀಳುವ ಚೂರು ವೋಲ್ಟೇಜ್ ಮುಳ್ಳನ್ನು ತಳ್ಳುತ್ತದೆ. ಹೆಡ್‌ಸೆಟ್‌ನಲ್ಲಿ ಆಲ್ಟರ್ನೇಟರಿನ ಕೀರಲು ಕೇಳುವುದಕ್ಕೂ ಹಲವು ಸಲ ಇದೇ ಬೇರು. ಎಂಜಿನ್ ಹಿಂದಿನ ಫೈರ್‌ವಾಲ್ ಮೇಲೆ ಎಲ್ಲ ಅರ್ತ್‌ಗಳನ್ನೂ ಒಂದೇ ಜಾಗದಲ್ಲಿ ಸೇರಿಸಿ ಎಂಬ ಅವರ ಪಟ್ಟು ಇಂಥ ನೂರು ಕಿರಿಕಿರಿಗಳನ್ನು ಹುಟ್ಟುವ ಮುನ್ನವೇ ತಡೆಯುತ್ತದೆ.

ಫ್ಯೂಸಿನ ವಿಚಾರದಲ್ಲಿ ನಾನು ಅವರೊಂದಿಗೆ ಪೂರ್ತಿ ಒಪ್ಪಲಾರೆ. ಹಾರುತ್ತಿರುವಾಗ ರಿಪೇರಿ ಬೇಡ, ಆದ್ದರಿಂದ ಕೈಗೆಟುಕದ ಫ್ಯೂಸ್ ಪೆಟ್ಟಿಗೆಯೇ ಸಾಕು, ಬ್ರೇಕರ್‌ಗಳ ಸಾಲು ವ್ಯರ್ಥ ಎಂಬುದು ಅವರ ವಾದ. ಬಿದ್ದ ಬ್ರೇಕರನ್ನು ಆಕಾಶದಲ್ಲಿ ಮತ್ತೆ ಮತ್ತೆ ಒತ್ತುವ ಚಟಕ್ಕೆ ಇದು ಸರಿಯಾದ ಉತ್ತರ. ಆದರೆ ಬ್ರೇಕರ್‌ಗೆ ಇನ್ನೊಂದು ಉಪಯೋಗವೂ ಇದೆ. ವಿಮಾನದ ಮೂತಿಯ ಏರಿಳಿತ ಹೊಂದಿಸುವ ಟ್ರಿಮ್ ಮೋಟಾರ್ ತಾನಾಗಿ ಓಡತೊಡಗಿದರೆ, ಒಂದು ಉಪಕರಣ ಹೊಗೆಯಾಡಿದರೆ, ಅದರ ಬ್ರೇಕರ್ ಎಳೆದು ಅದೊಂದನ್ನೇ ಆರಿಸಬಹುದು. ಫ್ಯೂಸ್‌ಗಳನ್ನೇ ನಂಬಿದವರು ಅಂಥ ಸರ್ಕ್ಯೂಟ್‌ಗಳಿಗೆ ಬೇರೆ ಸ್ವಿಚ್ ಇಡಬೇಕು. ಪುಸ್ತಕ ಈ ಮಾತಿಗೆ ಇನ್ನಷ್ಟು ಒತ್ತು ಕೊಡಬೇಕಿತ್ತು.

ಇನ್ನೂ ಗಂಭೀರ ಮಿತಿ ಕಾಲದ್ದು. ಪುಸ್ತಕದ ಬೆನ್ನೆಲುಬಾದ ವಿಚಾರ ಬೆಳೆದದ್ದು ಮ್ಯಾಗ್ನೆಟೋ ಎಂಜಿನ್‌ಗಳ ನಡುವೆ. ಮ್ಯಾಗ್ನೆಟೋ ತನ್ನ ಕಿಡಿಯನ್ನು ತಾನೇ ಹುಟ್ಟಿಸುತ್ತದೆ. ಬ್ಯಾಟರಿ ಸತ್ತರೂ ಎಂಜಿನ್ ನಿಲ್ಲದು. ಹೊಗೆ ಬಂದರೆ ಮಾಸ್ಟರ್ ಆರಿಸಿ ಎಂದು ನಿಶ್ಚಿಂತೆಯಿಂದ ಹೇಳಬಹುದಾದದ್ದು ಅದರಿಂದ. ಈಗ ಎಲೆಕ್ಟ್ರಾನಿಕ್ ಇಗ್ನಿಷನ್, ವಿದ್ಯುತ್ ಇಂಧನ ಪಂಪು, ಇಂಜೆಕ್ಷನ್ ಕಂಪ್ಯೂಟರ್ ಇರುವ ಎಂಜಿನ್‌ಗಳು ಬಂದಿವೆ. ಇವುಗಳಲ್ಲಿ ಕರೆಂಟು ಹೋದರೆ ಪ್ರೊಪೆಲರ್ ಕೂಡ ಹೋದಂತೆ. ಇಂಥ ಎಂಜಿನ್‌ಗೂ ಅನುಬಂಧದಲ್ಲಿ ಎರಡು ಬ್ಯಾಟರಿಗಳ ನಕ್ಷೆಯಿದೆ, ಆದರೆ ಮುಖ್ಯ ಅಧ್ಯಾಯಗಳ ಧಾಟಿ ಹಳೆಯ ಎಂಜಿನ್‌ನದೇ.

ದುರ್ಬಳಕೆ ಎಂದೆನಲ್ಲ, ಅದರ ತಪ್ಪು ಓದುಗರದು. ಜೆಡ್ ನಕ್ಷೆಯೊಂದನ್ನು ಎತ್ತಿಕೊಂಡು, ಅಲ್ಲೊಂದು ರಿಲೇ, ಇಲ್ಲೊಂದು ಹೆಚ್ಚುವರಿ ಸ್ವಿಚ್ ಸೇರಿಸಿ ‘ಸುಧಾರಿಸುವ’ ಹವ್ಯಾಸಿಗಳುಂಟು. ಪ್ರತಿ ಸೇರ್ಪಡೆಯೂ ಕೆಡಬಲ್ಲ ಹೊಸದೊಂದು ಭಾಗ. ಹಾರಾಟದ ಯಾವ ಹಂತದಲ್ಲಿ ಯಾವ ಉಪಕರಣ ಎಷ್ಟು ಆಂಪಿಯರ್ ಎಳೆಯುತ್ತದೆ ಎಂಬ ಲೆಕ್ಕವನ್ನು ನಕಲ್ಸ್ ಕಡ್ಡಾಯವಾಗಿ ಮಾಡಿಸುತ್ತಾರೆ. ಅದನ್ನು ಮಾಡದವನಿಗೆ ಆ ನಕ್ಷೆಗಳಲ್ಲಿ ಒಂದೂ ತನ್ನದಲ್ಲ.

ಮ್ಯಾಗ್ನೆಟೋ ಎಂಜಿನ್ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ಕೈದೀಪ ನಾನು ಕಂಡಿಲ್ಲ. ವಿದ್ಯುತ್ತನ್ನೇ ನೆಚ್ಚಿದ ಎಂಜಿನ್ ಹಾಕುವವರು ತಯಾರಕರ ವೈರಿಂಗ್ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು ಇದನ್ನು ಓದಲಿ; ಎರಡರಲ್ಲಿ ಭಿನ್ನಮತ ಬಂದ ಕಡೆ ಮಾಸ್ಟರ್ ಸ್ವಿಚ್ ಆರಿಸಿದಾಗ ಎಂಜಿನ್ ಏನಾಗುತ್ತದೆ ಎಂಬುದನ್ನು ನೆಲದ ಮೇಲೆಯೇ, ವಿಮಾನವನ್ನು ಬಿಗಿಯಾಗಿ ಕಟ್ಟಿ, ಚಾಲೂ ಮಾಡಿ ನೋಡಿಕೊಳ್ಳಲಿ.