ಕವಿರಾಜಮಾರ್ಗದ ಹೊಂದಾಣಿಕೆ: ಗೋದಾವರಿಯ ದಡದಿಂದ ಒಂದು ಮರುನೋಟ

'ರಾಜಿ' ಎಂಬ ಮಾತಿಗೆ ನಮ್ಮ ವಿಮರ್ಶೆಯಲ್ಲಿ ಒಳ್ಳೆಯ ಹೆಸರಿಲ್ಲ. ಗುರಿಯಲ್ಲಿ ದೃಢತೆಯಿಲ್ಲದವರ ನಡೆ ಎಂಬ ಅರ್ಥದಲ್ಲಿಯೇ ಅದು ಹೆಚ್ಚಾಗಿ ಬಳಕೆಯಾಗುತ್ತದೆ. ಆದರೆ ಗುರಿಯ ನಿಷ್ಠೆ ಬೇರೆ, ದಾರಿಯ ಹಟ ಬೇರೆ ಎಂಬುದಕ್ಕೆ ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಗ್ರಂಥವೇ ಸಾಕ್ಷಿಯಾಗಿದೆ.

ಕ್ರಿ.ಶ. 850ರ ಸುಮಾರಿನ 'ಕವಿರಾಜಮಾರ್ಗ'ವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡದ ನಾಡೆಂದು ಹೇಳುತ್ತದೆ. ಗೋದಾವರಿ ಹುಟ್ಟುವುದು ನಾಸಿಕದ ಸಮೀಪದ ತ್ರ್ಯಂಬಕದಲ್ಲಿ. ಮುಂದೆ ಅದು ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣವನ್ನು ಹಾಯ್ದು ಹರಿಯುತ್ತದೆ. ಅದೇ ಜಿಲ್ಲೆಯ ಎಲ್ಲೋರದಲ್ಲಿ ರಾಷ್ಟ್ರಕೂಟ ಒಂದನೆಯ ಕೃಷ್ಣನ ಹೆಸರಿನೊಡನೆ ಸೇರಿಬಂದಿರುವ ಕೈಲಾಸ ದೇವಾಲಯವಿದೆ. ಹೀಗಾಗಿ ಗ್ರಂಥದ ಈ ಮಾತು ಗಡಿಯ ಚರ್ಚೆಗಳಲ್ಲಿ ಹಕ್ಕುಪತ್ರದಂತೆ ಉಲ್ಲೇಖಗೊಳ್ಳುತ್ತ ಬಂದಿದೆ.

ಈ ಓದು ಸಾಲದೆಂದು ನಮ್ಮ ಅಭಿಪ್ರಾಯ. ಎಲ್ಲೋರದ ದಶಾವತಾರ ಗುಹೆಯಲ್ಲಿರುವ ರಾಷ್ಟ್ರಕೂಟ ಶಾಸನ ಸಂಸ್ಕೃತದಲ್ಲಿದೆ. ನಾಸಿಕ ಜಿಲ್ಲೆಯ ವಣಿಯಲ್ಲಿ ದೊರೆತ ಮೂರನೆಯ ಗೋವಿಂದನ ತಾಮ್ರಶಾಸನವೂ ಸಂಸ್ಕೃತದಲ್ಲಿದೆ. ಸಂಸ್ಕೃತಕ್ಕೆ ಇಂಥ ಮನ್ನಣೆಯಿದ್ದ ಕಾಲದಲ್ಲಿ ಕನ್ನಡವನ್ನು ಶಾಸ್ತ್ರಕ್ಕೂ ಕಾವ್ಯಕ್ಕೂ ಸಮರ್ಥವೆಂದು ಸ್ಥಾಪಿಸುವುದು ಗ್ರಂಥಕಾರನ ಗುರಿಯಾಗಿತ್ತು. ಆ ಗ್ರಂಥಕಾರ ನೃಪತುಂಗನ ಆಸ್ಥಾನದ ಶ್ರೀವಿಜಯನೆಂಬ ಮತವನ್ನು ನಾವು ಇಲ್ಲಿ ಅಂಗೀಕರಿಸಿದ್ದೇವೆ.

ಶ್ರೀವಿಜಯನ ಮುಂದೆ ಎರಡು ಸುಲಭದ ದಾರಿಗಳಿದ್ದವು: ದಂಡಿಯ 'ಕಾವ್ಯಾದರ್ಶ'ವನ್ನು ಇದ್ದಂತೆಯೇ ಒಪ್ಪುವುದು, ಇಲ್ಲವೆ ಸಂಸ್ಕೃತವನ್ನು ದೂರವಿಡುವುದು. ಅವನು ಎರಡನ್ನೂ ಹಿಡಿಯಲಿಲ್ಲ. ಅಲಂಕಾರ ವಿಚಾರದಲ್ಲಿ ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದರೂ, ಕನ್ನಡ ಕವಿಗಳು ಯತಿಯನ್ನು ಮೀರಿ ಪ್ರಾಸಕ್ಕೆ ಬೆಲೆಕೊಡುವುದನ್ನು ಗುರುತಿಸಿ ಮಾನ್ಯಮಾಡಿದನು. ಸಂಸ್ಕೃತ ಪದಗಳಿಗೆ ಬಾಗಿಲು ತೆರೆದನು. ಆದರೆ ಅರಿವಿಲ್ಲದೆ ಎರಡು ಭಾಷೆಗಳನ್ನು ಸಮಾಸದಲ್ಲಿ ಬೆರೆಸುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದುದಕ್ಕೆ ಹೋಲಿಸಿದನು. ಬೆರಕೆಯೆಲ್ಲ ನಿಷಿದ್ಧವಲ್ಲ, ಹಾಲನ್ನು ಒಡೆಯಿಸುವ ಬೆರಕೆ ಮಾತ್ರ ನಿಷಿದ್ಧ. ಹೊಂದಾಣಿಕೆಯ ಮಿತಿಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ದೇಸಿಗಳು ಬೇರೆಬೇರೆಯಾಗಿರುವುದರಿಂದ ಅವುಗಳ ದೋಷಗಳನ್ನು ಎಣಿಸಹೊರಟರೆ ವಾಸುಕಿಯೂ ಬೇಸರಗೊಳ್ಳುವನೆಂದು ಒಪ್ಪಿಕೊಳ್ಳುವ ಶಾಸ್ತ್ರಕಾರನಿಗೆ ತನ್ನ ಶಾಸ್ತ್ರದ ಎಲ್ಲೆಯೂ ಗೊತ್ತಿತ್ತು. ಪರರ ವಿಚಾರವನ್ನೂ ಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತೆಂಬ ಅವನ ಮಾತನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕು.

ಆದರೆ ಈ ಹೊಂದಾಣಿಕೆಗೆ ತೆತ್ತ ಬೆಲೆಯನ್ನೂ ವಿಮರ್ಶೆ ಲೆಕ್ಕಹಾಕಬೇಕು. ನಾಡಿನ ಎಲ್ಲೆಯನ್ನು ಗೋದಾವರಿಯವರೆಗೆ ಚಾಚಿದ ಗ್ರಂಥವೇ ಕನ್ನಡದ ತಿರುಳನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಗುರುತಿಸುತ್ತದೆ. ಈ ನಾಲ್ಕೂ ಇಂದಿನ ಕರ್ನಾಟಕದ ಒಳಗಿವೆ. ಗೋದಾವರಿಯ ದಡದ ಕನ್ನಡ ಎಲ್ಲೆಯೊಳಗೆ ಬಂದಿತು, ತಿರುಳಿನೊಳಗೆ ಬರಲಿಲ್ಲ. ಕಲಿಸಲು ಒಂದು ಮಾದರಿ ಬೇಕೆಂಬ ಅನಿವಾರ್ಯತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಒಬ್ಬರಿಗೆ ಅನುಕೂಲವಾದ ಹೊಂದಾಣಿಕೆಯಲ್ಲಿ ಇನ್ನೊಬ್ಬರ ಮಾತು ಅಂಚಿಗೆ ಸರಿಯುತ್ತದೆ ಎಂಬುದನ್ನು ಮರೆಯಲಾಗದು.

ರಾಜ್ಯದ ಹೊರಗೆ ಕನ್ನಡದ ಕೆಲಸ ಮಾಡುವವರಿಗೆ ಇದು ಕೇವಲ ಹಳೆಯ ಸಂಗತಿಯಲ್ಲ. ಶುದ್ಧ ಭಾಷೆಯ ಹಟಕ್ಕಾಗಲಿ ಭೂಮಿಯ ಹಕ್ಕಿಗಾಗಲಿ 'ಮಾರ್ಗ'ವನ್ನು ಆಧಾರವಾಗಿ ತರುವವರು ಅದರ ಅರ್ಧವನ್ನಷ್ಟೇ ಓದುತ್ತಾರೆ. ಕನ್ನಡಕ್ಕೆ ತನ್ನದೇ ಆದ ಕಾವ್ಯವಿವೇಕವಿದೆ ಎಂಬ ಒಂದನ್ನು ಶ್ರೀವಿಜಯ ಬಿಟ್ಟುಕೊಡಲಿಲ್ಲ. ಅದನ್ನು ಉಳಿಸಿಕೊಳ್ಳುವ ಸಲುವಾಗಿಯೇ ಉಳಿದೆಡೆ ಬಾಗಿದನು.