ಊರಿನ ಹೆಸರು ಹೊತ್ತ ಮನೆತನಗಳು

ಚಿಕ್ಕೋಡಿ ತಾಲೂಕಿನ ಅಂಕಲಿ ಕೃಷ್ಣಾ ದಂಡೆಯ ಊರು. ಆಷಾಢದ ವಾರಿ, ಅಂದರೆ ಪಂಢರಪುರದ ಕಾಲ್ನಡಿಗೆ ಯಾತ್ರೆ, ಹತ್ತಿರ ಬಂತೆಂದರೆ ಅಲ್ಲಿನ ಶಿತೋಳೆ ಸರಕಾರರ ವಾಡೆಯಿಂದ ಎರಡು ಕುದುರೆಗಳು ಆಳಂದಿಗೆ ಹೊರಡುತ್ತವೆ, ನಡೆದುಕೊಂಡೇ. ಒಂದರ ಮೇಲೆ ಜರಿಪಟಕಾ ಧ್ವಜ ಹಿಡಿದ ಸವಾರ ಇರುತ್ತಾನೆ. ಇನ್ನೊಂದನ್ನು ಯಾರೂ ಹತ್ತುವುದಿಲ್ಲ. ಅದು ಜ್ಞಾನೇಶ್ವರ ಮಹಾರಾಜರ ಕುದುರೆ. ಜ್ಯೇಷ್ಠ ಬಹುಳ ಅಷ್ಟಮಿಗೆ ಆಳಂದಿಯಲ್ಲಿ ಪಾಲಕಿ ಎದ್ದ ಮೇಲೆ ದಾರಿಯುದ್ದಕ್ಕೂ ರಿಂಗಣ, ಅಂದರೆ ಬಯಲಿನಲ್ಲಿ ಕುದುರೆಯ ಸುತ್ತೋಟ, ನಡೆಯುತ್ತದೆ. ಆ ಕುದುರೆ ಓಡಿಹೋದ ಜಾಗದ ಮಣ್ಣನ್ನು ವಾರಕರಿಗಳು ಮುಗಿಬಿದ್ದು ಹಣೆಗೆ ಹಚ್ಚಿಕೊಳ್ಳುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೈಬತ್‌ಬಾಬಾ ಆರಫಳಕರ ಈ ಪಾಲಕಿಗೆ ಇಂದಿನ ರೂಪ ಕೊಟ್ಟಾಗ ಬೆನ್ನಿಗೆ ನಿಂತವರು ಈ ಶಿತೋಳೆಯವರು.

ಶಿತೋಳೆಯವರು ಮೂಲತಃ ಪುಣೆ ಕಡೆಯ ದೇಶಮುಖರು. ಮುಂದೆ ಗ್ವಾಲಿಯರದ ಶಿಂದೆ ದರಬಾರಿನಲ್ಲಿ ದೊಡ್ಡ ಸರದಾರರಾದರು. ಮಹಾದಜಿ ಶಿಂದೆಯ ಮಗಳು ಬಾಳಾಬಾಯಿ ಈ ಮನೆಯ ಸೊಸೆ. ಪುಣೆಯ ಹೆಸರನ್ನೋ ಗ್ವಾಲಿಯರದ ಹೆಸರನ್ನೋ ಮುಂದೆ ಮಾಡಿಕೊಳ್ಳಬಹುದಾಗಿದ್ದ ಮನೆತನ ಇಂದಿಗೂ ಅಂಕಲೀಕರ ಎಂದೇ ಗುರುತಾಗುತ್ತದೆ. ಊರಿನ ಹೆಸರನ್ನು ಮನೆತನ ಹೊರುವ ಪದ್ಧತಿ ಸಾರ್ಥಕವಾದದ್ದು ಇಲ್ಲಿ. ಈ ಹೆಸರಿನ ಜೊತೆ ವರ್ಷಕ್ಕೊಮ್ಮೆ ಮಾಡಲೇಬೇಕಾದ ಕೆಲಸವೊಂದಿದೆ, ಅದನ್ನು ಊರಿನವರ ಕಣ್ಣೆದುರೇ ಮಾಡಬೇಕಾಗುತ್ತದೆ. ಮಿರಜ ಬದಿಗೆ ಇನ್ನೊಂದು ಅಂಕಲಿ ಇದೆ. ಆದರೂ ಆಳಂದಿಯಲ್ಲಿ ಅಂಕಲಿಯ ಕುದುರೆ ಬಂತು ಎಂದಾಗ ಯಾವ ಅಂಕಲಿ ಎಂದು ಯಾರೂ ಕೇಳುವುದಿಲ್ಲ.

ನಿಪ್ಪಾಣಿಯ ಮಾತು ಬೇರೆ. ಅಲ್ಲಿಯ ದೇಸಾಯಿ ಸಿದ್ದೋಜಿರಾವ್ ನಿಂಬಾಳಕರ, ಪೇಶ್ವೆ ಎರಡನೆಯ ಬಾಜಿರಾಯನಿಂದ ಸರಲಷ್ಕರ (ಸೇನಾನಾಯಕ) ಪದವಿ ಪಡೆದವನು. ಪುಣೆಯ ದರಬಾರಿಗೂ ಇಂಗ್ಲಿಷರ ಪತ್ರಗಳಿಗೂ ಅವನು ಅಪ್ಪಾ ದೇಸಾಯಿ ನಿಪ್ಪಾಣಕರ. ನಿಂಬಾಳಕರ ಎಂಬ ಅಡ್ಡಹೆಸರೂ ಫಲಟಣ ಸಮೀಪದ ನಿಂಬಳಕ ಊರಿನದೇ; ಅದಕ್ಕೂ ಮೊದಲು ನಿಂಬಾಳಕರರು ಪವಾರರಾಗಿದ್ದರು ಎನ್ನುವುದು ಮನೆತನದ ಪರಂಪರೆ. ಹೀಗೆ ಒಂದೇ ಹೆಸರಿನಲ್ಲಿ ಬಿಟ್ಟುಬಂದ ಊರೂ ಇದೆ, ಹಿಡಿದ ಊರೂ ಇದೆ. ಒಂದು ಮನೆತನ ನಡೆದುಬಂದ ದಾರಿ ತಿಳಿಯಲು ಇದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ, ಅಷ್ಟನ್ನು ಒಪ್ಪುತ್ತೇನೆ.

ತೊಂದರೆಯಿರುವುದು ಇತಿಹಾಸ ಬರೆಯುವವರು ಆ ಹೆಸರನ್ನು ಬಳಸುವ ರೀತಿಯಲ್ಲಿ. ಚಿಕ್ಕೋಡಿ, ಮನೋಳಿಗಳಿಗಾಗಿ ಕೊಲ್ಲಾಪುರದವರಿಗೂ ನಿಪ್ಪಾಣಕರನಿಗೂ ವರ್ಷಗಟ್ಟಲೆ ಕಾದಾಟ ನಡೆಯಿತು. ಅದನ್ನು ಬರೆಯುವಾಗ ಕೊಲ್ಲಾಪುರ ಹೀಗೆ ಮಾಡಿತು, ನಿಪ್ಪಾಣಿ ಹಾಗೆ ಮಾಡಿತು ಎಂದೇ ಬರೆಯುತ್ತಾರೆ. ಎರಡು ಊರುಗಳಿಗೆ ಹಗೆಯಿತ್ತೇನೋ ಅನ್ನಿಸಬೇಕು, ಹಾಗೆ. ಹಗೆಯಿದ್ದದ್ದು ಎರಡು ಮನೆತನಗಳಿಗೆ. ದಂಡು ಬಂದಾಗ ಹೊಲ ಹಾಳಾದದ್ದು ರೈತರದು, ಅವರ ಹೆಸರು ಯಾವ ಪತ್ರದಲ್ಲೂ ಇಲ್ಲ. 1839ರಲ್ಲಿ ದೇಸಾಯಿ ಗಂಡುಸಂತಾನವಿಲ್ಲದೆ ತೀರಿಕೊಂಡ, ಸಂಸ್ಥಾನ ಕಂಪನಿ ಸರಕಾರದ ಪಾಲಾಯಿತು. ಅಲ್ಲಿಗೆ ನಿಪ್ಪಾಣಿಯ ಕತೆಯೂ ಮುಗಿಯಿತೆಂಬಂತೆ ಪುಸ್ತಕಗಳು ಮುಂದಿನ ಊರಿಗೆ ಹೋಗಿಬಿಡುತ್ತವೆ.

ಆದರೆ ನಿಪ್ಪಾಣಿ ಇಂದಿನ ನಿಪ್ಪಾಣಿಯಾದದ್ದು ಆಮೇಲೆ, ತಂಬಾಕಿನಿಂದ. 1925ರ ಏಪ್ರಿಲ್‌ನಲ್ಲಿ ಅಂಬೇಡ್ಕರರು ಬಹಿಷ್ಕೃತರ ಪರಿಷತ್ತು ನಡೆಸಿದ್ದು ಈ ಊರಿನಲ್ಲಿ. 1981ರಲ್ಲಿ ತಂಬಾಕು ಬೆಳೆಗಾರರು ಬೆಲೆಗಾಗಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕೂತದ್ದು, ಗೋಲಿಬಾರಿನಲ್ಲಿ ಜೀವ ಕಳೆದುಕೊಂಡದ್ದು ಇಲ್ಲಿ. ಇವು ವಾಡೆಯ ಚರಿತ್ರೆಯಲ್ಲ, ಊರಿನ ಚರಿತ್ರೆ. ಮನೆತನದ ಹೆಸರೂ ಊರಿನ ಹೆಸರೂ ಒಂದೇ ಆದಾಗ ಮನೆತನದ ಕತೆಯೇ ಊರಿನ ಕತೆಯ ಜಾಗದಲ್ಲಿ ಕೂತುಬಿಡುತ್ತದೆ. ಈ ಪದ್ಧತಿಯ ಮೇಲೆ ನನ್ನ ದೊಡ್ಡ ಆಕ್ಷೇಪ ಇದೇ.

ಕರ್ನಾಟಕ–ಮಹಾರಾಷ್ಟ್ರ ಗಡಿ ವಾದದಲ್ಲಂತೂ ಈ ಹೆಸರುಗಳನ್ನು ಸಾಕ್ಷಿಕಟ್ಟೆಗೆ ಹತ್ತಿಸುತ್ತಾರೆ. 1966ರಲ್ಲಿ ನೇಮಕವಾದ ಮಹಾಜನ ಆಯೋಗ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದಿತು, ಸೊಲ್ಲಾಪುರ, ಅಕ್ಕಲಕೋಟೆ ನಮಗೆ ಬರಬೇಕೆಂದಿತು, ಎರಡೂ ಆಗಲಿಲ್ಲ. ಆಗಿನಿಂದ ಈವರೆಗೆ ಆ ಕಡೆಯವರು ನಿಪ್ಪಾಣಕರ, ಅಂಕಲೀಕರ ಎಂಬ ಹೆಸರುಗಳನ್ನು ತೋರಿಸಿ ಊರು ಮರಾಠಿಯದು ಎನ್ನುತ್ತಾರೆ. ಈ ಕಡೆಯವರು ರಟ್ಟರ ಶಾಸನ ತೆಗೆಯುತ್ತಾರೆ. ಸವದತ್ತಿಯಿಂದ ಆಳಿ ಆಮೇಲೆ ಬೆಳಗಾವಿಗೆ ಬಂದ ರಟ್ಟರು ತಮ್ಮನ್ನು ಲಟ್ಟಲೂರುಪುರವರಾಧೀಶ್ವರರೆಂದು ಕರೆದುಕೊಂಡರು. ಲಟ್ಟಲೂರು ಎಂದರೆ ಇಂದಿನ ಲಾತೂರು. ಕೊಲ್ಲಾಪುರದ ಶಿಲಾಹಾರರು ತಗರಪುರದ ಒಡೆಯರೆಂದರು, ಗೋವೆಯ ಕದಂಬರು ಬನವಾಸಿಯ ಒಡೆಯರೆಂದರು. ಯಾರೂ ಆ ಊರಿನಲ್ಲಿ ಕೂತು ಆ ಬಿರುದು ಹೇಳಿಕೊಳ್ಳಲಿಲ್ಲ. ತಮ್ಮ ಹಿರಿಯರು ಎಲ್ಲಿಯವರು ಎಂಬ ಅಭಿಮಾನ ಅದು. ಅದರ ಮೇಲೆ ಗಡಿ ಎಳೆಯಲು ಬರುವುದಿಲ್ಲ. ರಟ್ಟರಿಗೆ ಅನ್ವಯಿಸುವ ಈ ಮಾತು ನಿಂಬಾಳಕರರಿಗೂ ಅನ್ವಯಿಸಬೇಕು. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ನ್ಯಾಯವಲ್ಲ.

ಸಾಮಾನ್ಯ ಜನರಲ್ಲಿ ಊರಿನ ಹೆಸರು ಅಂಟಿಕೊಳ್ಳುವ ಬಗೆಯೇ ಬೇರೆ. ಅಥಣಿ, ಚಿಕ್ಕೋಡಿ, ರಾಯಬಾಗಿ ಎಂಬ ಅಡ್ಡಹೆಸರಿನವರು ಹೆಚ್ಚಾಗಿ ಸಿಗುವುದು ಆಯಾ ಊರುಗಳ ಹೊರಗೆ, ಹುಬ್ಬಳ್ಳಿಯಲ್ಲೋ ವಿಜಯಪುರದಲ್ಲೋ. ಅಥಣಿಯಲ್ಲೇ ಇರುವವನನ್ನು ಅಥಣಿಯವನೆಂದು ಕರೆದು ಏನು ಪ್ರಯೋಜನ? ದೇಸಾಯಿಗೆ ಊರಿನ ಹೆಸರು ಬಂದದ್ದು ಊರು ಹಿಡಿದದ್ದಕ್ಕೆ, ಇವರಿಗೆ ಬಂದದ್ದು ಊರು ಬಿಟ್ಟದ್ದಕ್ಕೆ. ಇನ್ನು ಅಥಣಿಯ ಗಚ್ಚಿನಮಠದ ಮುರುಘೇಂದ್ರ ಸ್ವಾಮಿಗಳಿಗೆ (1836–1921) ಯಾವ ಸನದೂ ಇರಲಿಲ್ಲ. ಅವರನ್ನು ಅಥಣಿ ಶಿವಯೋಗಿಗಳೆಂದು ಕರೆದವರು ಭಕ್ತರು. ಈ ಸೀಮೆಯಲ್ಲಿ ಒಂದು ಊರಿನ ಹೆಸರು ಒಬ್ಬರ ಮೇಲೆ ಇಷ್ಟು ಸಹಜವಾಗಿ ನಿಂತದ್ದನ್ನು ನಾನು ಇನ್ನೊಂದು ಕಾಣೆ.

ನಿಪ್ಪಾಣಿ, ಕಾಗವಾಡ ಈಗ ಸ್ವತಂತ್ರ ತಾಲೂಕುಗಳು. ಅವುಗಳ ಇತಿಹಾಸವನ್ನು ಹೊಸದಾಗಿ ಬರೆಯುವವರು ಬರುತ್ತಾರೆ, ಬರಬೇಕು. ನಿಪ್ಪಾಣಕರರ ಮನೆತನಕ್ಕೆ ಒಂದು ಅಧ್ಯಾಯ, ನಿಪ್ಪಾಣಿ ಊರಿಗೆ ಇನ್ನೊಂದು ಅಧ್ಯಾಯ ಬೇರೆ ಬೇರೆಯಾಗಿ ಇರಲಿ. ತಂಬಾಕಿನ ವಖಾರಿಗಳಲ್ಲಿ ದುಡಿದ, ಬೀಡಿ ಕಟ್ಟಿದ ಹೆಂಗಸರಲ್ಲಿ ಹಳೆಯದನ್ನು ಹೇಳಬಲ್ಲವರು ಇನ್ನೂ ಇದ್ದಾರೆ. ವಾಡೆಯ ದಫ್ತರ ನೋಡಲು ಹೋಗುವವರು ಮೊದಲು ಅವರ ಮನೆಗೆ ಹೋಗಲಿ. ದಫ್ತರದ ಕಾಗದ ಇನ್ನೂ ಕೆಲವು ವರ್ಷ ತಡೆಯುತ್ತದೆ, ಅವರ ವಯಸ್ಸು ತಡೆಯುವುದಿಲ್ಲ.