ಹುಲಿಯನ ಹಿಂದೆ ಹೆಜ್ಜೆ ಹಾಕಿ
ಪ್ರಾಣಿ–ಮನುಷ್ಯರ ನಂಟಿನ ಪುಸ್ತಕಗಳನ್ನು ಓದುವ ರಸಿಕರಿಗೊಂದು ಕೈಪಿಡಿ

ಕನ್ನಡದಲ್ಲಿ ಪ್ರಾಣಿ ಮತ್ತು ಮನುಷ್ಯರ ನಂಟಿನ ಮೊದಲ ಕತೆ ಹೆಚ್ಚಿನವರಿಗೆ ಸಿಗುವುದು ಗೋವಿನ ಹಾಡಿನಲ್ಲಿ. ಅಲ್ಲಿ ಪುಣ್ಯಕೋಟಿ ಮಾತಾಡುತ್ತದೆ, ಹುಲಿ ಮನಕರಗಿ ಪ್ರಾಣ ಬಿಡುತ್ತದೆ. ಆದರೆ ಕತೆ, ಕಾದಂಬರಿಗಳ ನಾಯಿ, ಎತ್ತು, ಆನೆಗಳು ಬಾಯಿ ಬಿಡುವುದಿಲ್ಲ. ಹೊಸ ಓದುಗರು ಎಡವುವುದು ಇಲ್ಲೇ. ಮಾತಾಡದ ಪ್ರಾಣಿಯನ್ನು ನಿಷ್ಠೆಯ ಸಂಕೇತವೆಂದೋ ಮುಗ್ಧತೆಯ ಸಂಕೇತವೆಂದೋ ಕರೆದು ಪುಟ ತಿರುವಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾಯಿಯನ್ನು ನಾಯಿಯಾಗಿಯೇ ನೋಡಿ. ಆಗ ಅದರ ಪಕ್ಕದಲ್ಲಿರುವ ಮನುಷ್ಯ ಎಂಥವನೆಂದು ತಾನಾಗಿಯೇ ತಿಳಿಯುತ್ತದೆ.

ಮೊದಲು ತೇಜಸ್ವಿ

ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯಿಂದ ಶುರುಮಾಡಿ. ಬರಹಗಳು ಚಿಕ್ಕವು, ಭಾಷೆ ತಿಳಿ. ಅಲ್ಲಿ ಓಡಾಡುವ ಸ್ಪೇನಿಯಲ್ ನಾಯಿ ಕಿವಿ, 1980ರ ‘ಕರ್ವಾಲೊ’ ಕಾದಂಬರಿಯಲ್ಲೂ ಇದೆ. ಓದುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ: ನಾಯಿ ಮಾಡಿದ್ದೇನು, ಅದನ್ನು ಕಂಡು ಮನುಷ್ಯ ಊಹಿಸಿದ್ದೇನು ಎಂಬುದನ್ನು ಬೇರೆ ಬೇರೆಯಾಗಿ ಗಮನಿಸಿ. ಕಿವಿಗೆ ಅದರದ್ದೇ ಆದ ಲೋಕವಿದೆ, ಅದರದ್ದೇ ಕೆಲಸಗಳಿವೆ. ಯಜಮಾನನನ್ನು ಮೆಚ್ಚಿಸುವುದೇ ಅದರ ಬದುಕಲ್ಲ. ಇದನ್ನು ಒಪ್ಪಿಕೊಂಡು ಬರೆಯುವುದರಿಂದಲೇ ತೇಜಸ್ವಿಯವರ ಪ್ರೀತಿ ನಂಬುವಂತಿದೆ.

ಆಮೇಲೆ ‘ಕೃಷ್ಣೇಗೌಡನ ಆನೆ’ ಓದಿ. ಊರಿನಲ್ಲಿ ಏನು ಕೆಟ್ಟರೂ, ಏನು ಮುರಿದುಬಿದ್ದರೂ ದೂರು ಆನೆಯ ತಲೆಗೆ. ನಕ್ಕುನಕ್ಕು ಸುಸ್ತಾಗುವ ಕತೆ ಇದು. ಆದರೂ ನಗುವಿನ ನಡುವೆ ಆ ಆನೆಯನ್ನು, ಗೌರಿಯನ್ನು, ಕಳೆದುಕೊಳ್ಳಬೇಡಿ. ಮಾಲೀಕ ಒಬ್ಬ, ಮಾವುತ ವೇಲಾಯುಧ ಇನ್ನೊಬ್ಬ. ಆನೆ ಯಾರದು, ಆನೆಯನ್ನು ಬಲ್ಲವರು ಯಾರು? ಎರಡೂ ಬೇರೆ ಬೇರೆ ಪ್ರಶ್ನೆಗಳೆಂದು ಕತೆ ತೋರಿಸಿಕೊಡುತ್ತದೆ.

ಆಮೇಲೆ ಚೋಮನ ಎತ್ತುಗಳು

ಶಿವರಾಮ ಕಾರಂತರ ‘ಚೋಮನ ದುಡಿ’ (1933) ನಂಟಿನ ಇನ್ನೊಂದು ಮುಖ. ಚೋಮನ ಬಳಿ ಎತ್ತುಗಳಿವೆ, ಉಳುವ ಆಸೆಯಿದೆ. ಹೊಲೆಯನೆಂಬ ಕಾರಣಕ್ಕೆ ಬೇಸಾಯಕ್ಕೆ ಭೂಮಿ ಮಾತ್ರ ಸಿಗುವುದಿಲ್ಲ. ಉಳಲು ಭೂಮಿಯೇ ಇಲ್ಲದ ಮೇಲೆ ಎತ್ತು ಅವನಿಗೆ ಯಾಕೆ ಬೇಕು ಎಂದು ಕೇಳುತ್ತಲೇ ಓದಿ. ಆ ಎತ್ತುಗಳಿರುವವರೆಗೆ ಅವನು ಬೇಸಾಯಗಾರ, ತನ್ನ ಕಣ್ಣಿಗಾದರೂ. ಪ್ರಾಣಿಪ್ರೀತಿ ಎಂಬುದು ಜಾತಿ, ಸಾಲ, ಭೂಮಿಗಳ ಆಚೆ ಎಲ್ಲೋ ತೇಲುವ ಭಾವನೆಯಲ್ಲ. ಯಾರಿಗೆ ಸಾಕುವ ಅವಕಾಶವಿದೆ, ಯಾರಿಗಿಲ್ಲ ಎಂಬುದನ್ನು ಯಾವ ಪುಸ್ತಕದಲ್ಲಾದರೂ ಹುಡುಕಿ.

ಕೊನೆಗೆ ಕುವೆಂಪು

ಇಷ್ಟು ಪಳಗಿದ ಮೇಲೆ ‘ಮಲೆಗಳಲ್ಲಿ ಮದುಮಗಳು’ (1967) ತೆರೆಯಿರಿ. ಹೆಗ್ಗಡೆಯವರ ಜೀತದಾಳು ಗುತ್ತಿಯನ್ನು ಜನ ‘ನಾಯಿಗುತ್ತಿ’ ಎಂದೇ ಕರೆಯುತ್ತಾರೆ, ಅವನ ನಾಯಿ ಹುಲಿಯ ಸದಾ ಅವನ ಜೊತೆಗಿರುವುದರಿಂದ. ದೊಡ್ಡ ಕಾದಂಬರಿ, ನೂರಾರು ಪುಟ, ಹತ್ತಾರು ಮನೆಗಳ ಕತೆ. ದಾರಿ ತಪ್ಪಿದಂತೆನಿಸಿದರೆ ಹುಲಿಯನನ್ನು ಹಿಂಬಾಲಿಸಿ. ಹೆಗ್ಗಡೆಗೆ ಕೊಡುವಷ್ಟೇ ಗಮನವನ್ನು ಕುವೆಂಪು ಈ ನಾಯಿಗೂ ಕೊಟ್ಟಿದ್ದಾರೆ. ಆದ್ದರಿಂದಲೇ ತುಂಬಿ ಹರಿಯುವ ತುಂಗೆಯಲ್ಲಿ ಹುಲಿಯನನ್ನು ಕಳೆದುಕೊಂಡ ಗುತ್ತಿಯ ಗೋಳು, ಮನುಷ್ಯರನ್ನು ಕಳೆದುಕೊಂಡವರ ಗೋಳಿಗಿಂತ ಒಂದಿಷ್ಟೂ ಚಿಕ್ಕದೆನಿಸುವುದಿಲ್ಲ. ಆ ಪುಟಗಳನ್ನು ಅವಸರದಲ್ಲಿ ದಾಟಬೇಡಿ. ಅಲ್ಲಿಗೆ ಬರುವ ಹೊತ್ತಿಗೆ ನೀವೂ ಹುಲಿಯನ ಜೊತೆ ಬಹುದೂರ ನಡೆದಿರುತ್ತೀರಿ.

ಪುಸ್ತಕ ಮುಚ್ಚಿದ ಮೇಲೆ

ಪ್ರಾಣಿ ಮನುಷ್ಯನಿಗೆ ಏನು ಕೊಟ್ಟಿತೆಂದು ಎಲ್ಲರೂ ಹೇಳುತ್ತಾರೆ: ಕಾವಲು, ದುಡಿಮೆ, ಒಡನಾಟ. ನೀವು ತಿರುಗಿಸಿ ಕೇಳಿಕೊಳ್ಳಿ: ಈ ನಂಟಿನಿಂದ ಪ್ರಾಣಿಗೆ ಸಿಕ್ಕಿದ್ದೇನು? ಕಿವಿಗೆ ಸಿಕ್ಕಿದ್ದು ಬೇರೆ, ಗೌರಿಗೆ ಸಿಕ್ಕಿದ್ದು ಬೇರೆ. ಒಳ್ಳೆಯ ಪುಸ್ತಕ ಈ ಲೆಕ್ಕವನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟು ಬರಿಯ ಕಣ್ಣೀರು ತರಿಸುವ ಪುಸ್ತಕ ಸಿಕ್ಕರೆ, ಅದನ್ನು ಬದಿಗಿಟ್ಟು ಇವುಗಳಲ್ಲೊಂದನ್ನು ಮತ್ತೆ ಓದಿ.